ಯಾರಿಗೆ ಈ ಪುಸ್ತಕ

"ಯಾರಿಗೆ ಬರ್ದೀರಿ ಇದನ್ನ, ಮೇಘಾ ಅವ್ರೇ?"

ಗುರುಬಸವ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿದ. ಮಸ್ಕಿಯ ಅವನ ಡಿಟಿಪಿ ಅಂಗಡಿಗೆ ನಾನು ಸಿಂಧನೂರಿನಿಂದ ಬಂದದ್ದು ಇದು ಒಂಬತ್ತನೆಯ ಶನಿವಾರ. ಪ್ರತಿ ಸಲವೂ ಇದೇ ಪ್ರಶ್ನೆ. ಪ್ರತಿ ಸಲವೂ ನನ್ನದು ಬೇರೆ ಉತ್ತರ.

"ಎಲ್ಲಾರಿಗೂ ರೀ."

"ಹೋದ ವಾರ ಮಾಸ್ತರಿಗೆ ಅಂದ್ರಿ. ಅದಕ್ಕೂ ಮೊದ್ಲು ಪರೀಕ್ಷಾ ಕಟ್ಟೋ ಹುಡುಗ್ರಿಗೆ. ಅರಿಕೆ ಪುಟ ಇನ್ನೂ ಖಾಲಿ ಐತಿ ನೋಡ್ರಿ."

ದೊಡ್ಡವರಾದ ಮೇಲೆ ಅಕ್ಷರ ಕಲಿಯುವ ಹೆಂಗಸರ ಬಗ್ಗೆ ಬರೆದಿದ್ದೆ. ನಾನು ಸಂಜೆ ಕಾಲೇಜಿನಲ್ಲಿ ಓದಿದವಳು. ಭಾರವಾದ ಪದ ಹಾಕದಿದ್ದರೆ ತಿಳಿದವರು ನಕ್ಕಾರು ಎಂಬ ಭಯ.

ಅವನು ಒಂದು ಹಾಳೆ ತೆಗೆದು, ಪಕ್ಕದಲ್ಲಿ ಚಹಾ ಮಾರುವ ಮೆಹಬೂಬ್‌ಬೀಗೆ ಓದಿ ಹೇಳಿದ. ಆಕೆ ಗ್ಲಾಸು ತೊಳೆಯುತ್ತಲೇ ಕೇಳಿಸಿಕೊಂಡಳು.

"ಛಲೋ ಐತಿ ಬೇಟಾ. ಆದ್ರ ಯಾರ್ನ ಬೈಯಾಕತ್ಯಾಳ ಈಕಿ?"

ಅವನು ನಗು ತಡೆಯಲು ತುಟಿ ಕಚ್ಚಿದ. ಎಡಗೆನ್ನೆಯಲ್ಲಿ ಸಣ್ಣ ಕುಳಿ ಮೂಡಿತು. ಆ ಕುಳಿಗಾಗಿಯೇ ಹೋದ ವಾರ ಒಂದು ಅಧ್ಯಾಯವನ್ನು ಹರಿದು ಮತ್ತೆ ಬರೆದು ತಂದಿದ್ದೆ.

"ಇವತ್ತು ಮುಗಿಸಿಬಿಡ್ರಿ," ಎಂದ. ನಗು ಆರಿಹೋಗಿತ್ತು. "ನಾಳೆ ಲಿಂಗಸುಗೂರಾಗ ನನ್ನ ನಿಶ್ಚಯ. ಆಮ್ಯಾಲೆ ಹೆಣ್ಣಿನ ಕಡ್ಯಾರು ಅಲ್ಲೇ ಅಂಗಡಿ ಹಾಕಿಕೊಡ್ತಾರಂತ."

"ನೀವು ಒಪ್ಪೀರೇನು?"

"ನನ್ನ ಯಾರು ಕೇಳ್ಯಾರ?"

ಪೆನ್ನು ಹಿಡಿದೆ. ಅರಿಕೆ ಪುಟಕ್ಕೆ ಬರೆದೆ. 'ತುರ್ವಿಹಾಳದ ಗದ್ದೆಗಳಲ್ಲಿ ನಾಟಿ ಮಾಡುವ ನನ್ನ ಅವ್ವ ಗದ್ದೆಮ್ಮ ನಲವತ್ತೆರಡನೆಯ ವಯಸ್ಸಿನಲ್ಲಿ ಬಸ್ಸಿನ ಬೋರ್ಡು ಓದಿದಳು. ಅವಳಂಥವರು ನಾಚದೆ ಪಾಟಿ ಹಿಡಿಯಲಿ ಎಂದು ಇದನ್ನು ಬರೆದಿದ್ದೇನೆ.'

ಅವನು ಎರಡು ಸಲ ಓದಿದ.

"ಇಷ್ಟು ಸ್ಪಷ್ಟ ಗೊತ್ತಿತ್ತು ನಿಮಗ. ಒಂಬತ್ತು ವಾರ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಕೆಲಸ ಮುಗೀತಿತ್ತು." ಇನ್ನು ಮುಚ್ಚಿಡಲು ಸಮಯವೂ ಇರಲಿಲ್ಲ. "ಪುಸ್ತಕ ಅವ್ವಗ. ಬಸ್ ಹತ್ತಿ ಬಂದಿದ್ದು ನಿನಗ."

ಅವನು ಹಾಳೆಯನ್ನು ಮೇಜಿನ ಮೇಲಿಟ್ಟ. ನಾನೇ ಮುಂದುವರಿಸಿದೆ.

"ನಿಮ್ಮ ಮನ್ಯಾಗ ಜಾತಿ ತಿಳ್ಕೊಳ್ಳಾಕ ಹೆಸರಿಗಿಂತ ಮೊದ್ಲು ಓಣಿ ಕೇಳ್ತಾರ. ಅದೂ ಗೊತ್ತೈತಿ ನನಗ. ಆದ್ರೂ ಹೇಳದ ಹೋದ್ರ ಸತ್ತೇ ಹೋಗ್ತೀನಿ ಅನ್ನಿಸ್ತು."

"ಒಂಬತ್ತು ವಾರ ನಾನೂ ಬಾಯಿ ಮುಚ್ಕೊಂಡು ಕುಂತೆ," ಎಂದ ಮೆಲ್ಲಗೆ.

ನಂತರ ಫೋನು ತೆಗೆದ. "ಅಪ್ಪಾ, ನಾಳೆ ನಾ ಬರೂದಿಲ್ಲ."

ಆ ಕಡೆಯ ಗದರಿಕೆ ನನಗೂ ಕೇಳಿಸಿತು. ಅವನ ಎಡಗೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಎರಡೂ ತಣ್ಣಗಿದ್ದವು.

"ಯಾಕಂದ್ರ," ಎಂದ ಫೋನಿಗೆ, ನನ್ನನ್ನೇ ನೋಡುತ್ತ, "ಇಲ್ಲೊಬ್ಬಾಕಿ ಕುಂತಾಳ. ಮೊದ್ಲು ಆಕಿ ಹೆಸರು ಕೇಳಪ್ಪ."