ಒಡೆದ ಕುಂಕುಮದ ಬೊಟ್ಟು

"ಅಕ್ಕಾರ, ನಾ ಏನೂ ಮಾಡಿಲ್ರಿ. ಪೂಜಿ ಅಷ್ಟ ಮಾಡೀನಿ," ಎಂದು ಗುರುಬಸಪ್ಪ ಬಾಗಿಲಲ್ಲೇ ನಿಂತು ಹೇಳಿದ.

ಅದು ಭಾನುವಾರ. ಜರ್ಮನಿಯ ಫೊಯರ್‌ಬಾಕ್‌ನ ನಮ್ಮ ಮನೆಯಲ್ಲಿ ಕನ್ನಡ ಓದುಕೂಟ ಮುಗಿದು, ಕಾಂತಾಮಣಿ ಅಕ್ಕ ಉಳಿದ ಅವಲಕ್ಕಿಯನ್ನು ಡಬ್ಬಿಗೆ ತುಂಬುತ್ತಿದ್ದಳು. ಅಕ್ಕ ಇಲ್ಲಿನ ಕಾರ್ಖಾನೆಯೊಂದರ ಅಳತೆ ವಿಭಾಗದ ಎಂಜಿನಿಯರ್. ಊರು ಮಂಡ್ಯ. ಸುತ್ತಲಿನ ಕನ್ನಡಿಗರು ಏನು ಕಳೆದರೂ, ಯಾರು ಮೋಸ ಮಾಡಿದರೂ ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅವಳ ಜೊತೆ ಮನೆ ಹಂಚಿಕೊಂಡಿದ್ದ ನಾನು, ಮೈಸೂರಿನ ಶ್ರೀಲಕ್ಷ್ಮಿ, ಹೋದಲ್ಲೆಲ್ಲ ಅವಳ ಹಿಂದೆ.

"ಮೊದ್ಲು ಒಳಗ್ ಬಾ. ಅವಲಕ್ಕಿ ತಿನ್ನು. ಆಮೇಲೆ ಹೇಳು," ಎಂದಳು ಅಕ್ಕ.

ಗುರುಬಸಪ್ಪ ಗದಗಿನವನು, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ಬಂದವನು. ಮೊದಲ ಚಳಿಗಾಲದಲ್ಲಿ ಅವನ ಹೆಸರು ಕೇಳಿಯೇ ಮನೆಯ ಮಾಲೀಕರು ಫೋನಿಡುತ್ತಿದ್ದಾಗ ಅಟ್ಟದ ಕೋಣೆ ಕೊಟ್ಟವರು ವಾಲ್ಟರ್ ಕ್ಯೂಬ್ಲರ್ ಎಂಬ ಮುದುಕರು. ವಿಳಾಸ ನೋಂದಾಯಿಸುವ ಆನ್‌ಮೆಲ್ಡುಂಗ್ ಕಚೇರಿಗೂ ತಾವೇ ಕರೆದೊಯ್ದಿದ್ದರು. ವಾಲ್ಟರ್ ಊರಿನ ಗುಂಡು ಹಾರಿಸುವ ಸಂಘದ ಹಳೆಯ ಚಾಂಪಿಯನ್. ಇವನನ್ನೂ ಸಂಘಕ್ಕೆ ಸೇರಿಸಿ, ಗುರಿ ಹಿಡಿಯುವುದನ್ನು ಕಲಿಸುತ್ತಿದ್ದರು. ತಮ್ಮ ರಿವಾಲ್ವರಿನ ತೋಟಾಗಳನ್ನು ಅವರು ಅಂಗಡಿಯಲ್ಲಿ ಕೊಳ್ಳುತ್ತಿರಲಿಲ್ಲ. ಹಾರಿಸಿದ ಹಿತ್ತಾಳೆ ಕೇಸುಗಳಿಗೆ ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ, ನೆಲಮಾಳಿಗೆಯಲ್ಲಿದ್ದ ಪ್ರೆಸ್ ಎಂಬ ಕೈ ಒತ್ತುಯಂತ್ರದಲ್ಲಿ ತಾವೇ ಕಟ್ಟುತ್ತಿದ್ದರು. ಅದಕ್ಕೆ ಬೇಕಾದ ಪರವಾನಗಿ ಅವರಿಗಿತ್ತು.

"ನಿನ್ನೆ ಚಾಂಪಿಯನ್‌ಶಿಪ್ ಇತ್ತು. ಮುದುಕರ ತೋಟಾ ರಿವಾಲ್ವರಿನ ತಿರುಗೋ ಸಿಲಿಂಡರಿನ್ಯಾಗ ಒಂದೂ ಪೂರ್ತಿ ಇಳೀಲಿಲ್ರಿ. ಎಲ್ಲಾ ಅರ್ಧಕ್ಕ ಸಿಕ್ಕೊಂಡ್ವು. ಸಿಲಿಂಡರ್ ಮುಚ್ಚಲಿಕ್ಕೇ ಬರಲಿಲ್ಲ. ಬಾಜೂಕ ಅಂಗಡಿ ತೋಟಾದ ಪೆಟ್ಟಿಗಿ ಮೊದಲ ಇಟ್ಟಿದ್ರು, ಆದರ ಮುದುಕರು ಅದನ್ನ ಮುಟ್ಟಲಿಲ್ಲ. 'ನನ್ನ ತೋಟಾ ಇಲ್ಲಂದ್ರ ನಾನೂ ಇಲ್ಲ' ಅಂತ ಎದ್ದು ಹೋದ್ರು. ಡೀಟರ್ ಗೆದ್ದ."

"ಡೀಟರ್ ಯಾರು?"

"ಸಂಘದ ಮೇಲ್ವಿಚಾರಕ. ಆ ಅಂಗಡಿ ಪೆಟ್ಟಿಗಿ ಇಟ್ಟವನೂ ಅವನೇ. ಅವನೂ ಕೆಲವೊಮ್ಮೆ ಅದ ಪ್ರೆಸ್ಸಿನ್ಯಾಗ ತೋಟಾ ಕಟ್ಟತಾನ. ಸಂಜಿಗಿ ಎಲ್ಲಾರೂ ನೆಲಮಾಳಿಗಿಗೆ ಹೋಗಿ ನೋಡಿದ್ರ, ಪ್ರೆಸ್ಸಿನ ಮ್ಯಾಲ ನನ್ನ ಕುಂಕುಮ. 'ಈ ಬಣ್ಣ ಮೆತ್ತಿದವನೇ ಉಪಕರಣ ಕೆಡಿಸ್ಯಾನ' ಅಂತ ಸಂಘದವರೆಲ್ಲರ ಮುಂದ ಅಂದ. ಪೊಲೀಸರಿಗೆ ದೂರು ಕೊಡ್ತಾರಂತ. ನನ್ನ ಖಾಯಂ ವಾಸದ ಅರ್ಜಿ ಕಚೇರಿಯೊಳಗೈತ್ರಿ. ಬಂದೂಕಿನ ಕೇಸು ಬಂತಂದ್ರ ಮುಗೀತು."

ಕೆಂಪು ಕಂಡಿತು, ಕಂದು ಮುಖ ಕಂಡಿತು, ತನಿಖೆ ಮುಗಿಯಿತು. ನನಗೆ ಮೈ ಉರಿಯಿತು.

"ನೀನು ಏನೂ ಹೇಳ್ಲಿಲ್ವಾ?" ಎಂದೆ.

"ಅವರ ಉಪ್ಪು ತಿಂದೀನ್ರಿ. ಅವರ ಮನಿಯಾಗ ನಿಂತು ಜಗಳ ಹ್ಯಾಂಗ ಮಾಡಲಿ?"

"ಉಪ್ಪಿನ ಋಣ ಬೇರೆ, ತಲೆ ಬಗ್ಸೋದು ಬೇರೆ. ಪೂಜೆ ಯಾವತ್ತು ಮಾಡ್ದೆ?" ಎಂದಳು ಅಕ್ಕ.

"ದಸರಾ ದಿನ, ಹೋದ ಭಾನುವಾರ. ಆಯುಧಪೂಜಿಗೆ ನಮ್ಮ ಕಡೆ ಖಂಡೇಪೂಜಿ ಅಂತೀವಲ್ರಿ. ಮುದುಕರೇ ಕೇಳಿದ್ರು, 'ನಮ್ಮ ಪ್ರೆಸ್ಸಿಗೂ ಮಾಡಪ್ಪಾ' ಅಂತ. ಗಿಸೆಲಾ ಅಮ್ಮಾರ, ಅವರ ಹೆಂಡತಿ, ಕುಂಬಳಕಾಯಿ ತಂದುಕೊಟ್ರು. ಬನ್ನಿ ಎಲಿ ಎಲ್ಲಿ ಸಿಗಬೇಕು? ಲಿಂಡನ್ ಗಿಡದ ಹಳದಿ ಎಲಿ ಇಬ್ಬರಿಗೂ ಕೊಟ್ಟು, 'ಬಂಗಾರದಂಗ ಇರೋಣ' ಅಂದೆ. ಪೂಜಿ ಮುಗಿದ ಕೂಡಲೇ ಇಬ್ಬರೂ ಕಾರಿನ್ಯಾಗ ಸ್ಟೇಷನ್ನಿಗೆ ಬಿಟ್ರು. ಡ್ರೆಸ್ಡೆನ್‌ನ್ಯಾಗ ಆಫೀಸಿನ ಟ್ರೇನಿಂಗ್ ಇತ್ತು. ತಿರುಗಿ ಬಂದದ್ದು ನಿನ್ನೆ ಮುಂಜಾನೆ, ಸೀದಾ ಮೈದಾನಕ್ಕ."

"ಪೂಜೆ ಫೋಟೋ ಐತಾ?"

ತಾಯಿಗೆ ಕಳಿಸಿದ ವಿಡಿಯೋ ಇತ್ತು. ಅಕ್ಕ ಅದನ್ನು ದೊಡ್ಡದು ಮಾಡಿ ನೋಡಿ, ಫೋನ್ ಹಿಂತಿರುಗಿಸಿದಳು.

ಮರುದಿನ ಸಂಜೆ ಕ್ಯೂಬ್ಲರ್ ಮನೆಗೆ ಹೋದೆವು. ಅಕ್ಕನ ಕೋರಿಕೆಯಂತೆ ಡೀಟರ್ ಕೂಡ ಬಂದಿದ್ದ. ವಾಲ್ಟರ್ ನಮ್ಮ ಕೈ ಕುಲುಕಿದರು. ಗುರುಬಸಪ್ಪನ ಮುಖ ನೋಡಲಿಲ್ಲ.

ನೆಲಮಾಳಿಗೆಯಲ್ಲಿ ಅಕ್ಕ ಮೊದಲು ಸಿಕ್ಕಿಕೊಂಡ ತೋಟಾಗಳ ಪೆಟ್ಟಿಗೆ ಕೇಳಿದಳು. ಪರ್ಸಿನಿಂದ ಕಾಡಿಗೆ ಕಡ್ಡಿ ತೆಗೆದು ಒಂದು ತೋಟಾಗೆ ಪೂರ್ತಿ ಬಳಿದಳು. "ಇದನ್ನು ಸಿಲಿಂಡರಿಗೆ ಹಾಕಿ ತೆಗೆಯಿರಿ," ಎಂದು ಜರ್ಮನ್‌ನಲ್ಲಿ ಡೀಟರ್‌ಗೆ ಹೇಳಿದಳು. ಅವನು ರಿವಾಲ್ವರಿನ ಸಿಲಿಂಡರನ್ನು ಬಿಚ್ಚಿ, ಅದೊಂದರಲ್ಲೇ ತೋಟಾ ಇಳಿಸಿ ತೆಗೆದ. ಕಾಡಿಗೆ ಒಂದೇ ಕಡೆ ಕೆರೆದುಹೋಗಿತ್ತು: ಕೇಸಿನ ಬಾಯಿಗಿಂತ ಸ್ವಲ್ಪ ಕೆಳಗೆ, ಬಳೆಯಂತೆ ಸುತ್ತಲೂ.

"ಕಾರ್ಖಾನೆಯಲ್ಲಿ ನೀಲಿ ಬಣ್ಣ ಬಳಿದು ಇದನ್ನೇ ಮಾಡುತ್ತೇವೆ. ಎಲ್ಲಿ ತಿಕ್ಕುತ್ತದೋ ಅಲ್ಲೇ ರೋಗ," ಎಂದು ಅವಳು ಪ್ರೆಸ್ಸಿನ ಕಡೆ ತಿರುಗಿದಳು. ಗುಂಡು ಕೂರಿಸಿ ಕೇಸಿನ ಬಾಯಿ ಮಡಿಸುವ ಡೈ, ತಿರುಗಿಸಿ ಏರಿಳಿಸುವ ಉಕ್ಕಿನ ಅಚ್ಚು, ಅದರ ನೆತ್ತಿಯಲ್ಲಿತ್ತು. ಡೈ ಅಲುಗದಂತೆ ಹಿಡಿಯುವ ಬಳೆ ಅದರ ಸುತ್ತ ಇತ್ತು. ಕುಂಕುಮ ಅರ್ಧ ಬಳೆಯ ಮೇಲೆ, ಅರ್ಧ ಡೈ ಮೇಲೆ ಒಣಗಿ ಅಂಟಿತ್ತು.

ಅಕ್ಕ ಡೈಗೆ ಕೈ ಹಾಕಿದಳು.

"ಮೊದಲು ಬಳೆ ಸಡಿಲಿಸಿ, ಇಲ್ಲದಿದ್ದರೆ ತಿರುಗುವುದಿಲ್ಲ," ಎಂದರು ಮೆಟ್ಟಿಲ ಬಳಿ ಕಾಫಿ ಹಿಡಿದು ನಿಂತಿದ್ದ ಗಿಸೆಲಾ.

ಅಕ್ಕ ಕೈ ಹಿಂದೆ ತೆಗೆದುಕೊಂಡಳು. ಆಮೇಲೆ ಅಲ್ಲಿದ್ದ ಸಣ್ಣ ತಕ್ಕಡಿಯಲ್ಲಿ ಉಳಿದ ತೋಟಾಗಳನ್ನು ಒಂದೊಂದಾಗಿ ತೂಗಿದಳು. ಒಂದನ್ನು ಬೇರೆ ಇಟ್ಟಳು. ಡೀಟರ್ ಅದನ್ನು ಬಿಚ್ಚಿ ಮದ್ದನ್ನು ಕಾಗದದ ಮೇಲೆ ಸುರಿದ. ಅವನ ಮುಖ ಬಿಳಿಚಿಕೊಂಡಿತು.

"ಮೇಲೆ ಕೂತು ಮಾತಾಡೋಣ," ಎಂದಳು ಅಕ್ಕ.

ಅಡುಗೆಮನೆಯ ಮೇಜಿನ ಸುತ್ತ ಎಲ್ಲರೂ ಕೂತೆವು. ಕಾಫಿಯನ್ನು ಯಾರೂ ಮುಟ್ಟಲಿಲ್ಲ.

"ಕುಂಕುಮ ತೋಟಾವನ್ನು ಕೆಡಿಸಲಿಲ್ಲ," ಎಂದು ಅಕ್ಕ ಶುರುಮಾಡಿದಳು. "ಅದಿರುವುದು ಡೈನ ಹೊರಗೆ. ತೋಟಾ ಹೋಗುವುದು ಒಳಗೆ. ಕೆಡಿಸಿದ್ದು ಡೈನ ಎತ್ತರ. ಅದನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿದರೆ ಕೇಸಿನ ಬಾಯಿ ಅತಿಯಾಗಿ ಒತ್ತಿಕೊಂಡು, ಕೆಳಗಿನ ಹಿತ್ತಾಳೆ ಹೊಟ್ಟೆಯಂತೆ ಉಬ್ಬುತ್ತದೆ. ಬರಿಗಣ್ಣಿಗೆ ಕಾಣದಷ್ಟು. ಕಾಡಿಗೆ ಕೆರೆದದ್ದು ಆ ಉಬ್ಬಿನಲ್ಲೇ."

"ಆ ಡೈ ತಿರುಗಿಸಿದವನು ಇವನೇ ಇರಬಹುದಲ್ಲ?" ಎಂದ ಡೀಟರ್.

"ಇವನ ಬೊಟ್ಟೇ ಇವನ ಸಾಕ್ಷಿ." ಅಕ್ಕ ಎರಡು ಫೋನುಗಳನ್ನು ಮೇಜಿನ ಮೇಲಿಟ್ಟಳು. ಒಂದರಲ್ಲಿ ಪೂಜೆಯ ವಿಡಿಯೋ: ಡೈಗೂ ಬಳೆಗೂ ಸೇರಿಸಿ ಇಟ್ಟ ಒಂದೇ ದುಂಡು ಬೊಟ್ಟು. ಇನ್ನೊಂದರಲ್ಲಿ ಅವಳು ಆಗಷ್ಟೇ ತೆಗೆದ ಫೋಟೋ: ಬಳೆಯ ಮೇಲಿನ ಅರ್ಧ ಅಲ್ಲೇ ಇದೆ, ಡೈ ಮೇಲಿನ ಅರ್ಧ ಪಕ್ಕಕ್ಕೆ ಸರಿದಿದೆ. "ಕುಂಕುಮ ಒಣಗಿದ ಮೇಲೆ ಯಾರೋ ಡೈ ತಿರುಗಿಸಿದ್ದಾರೆ. ಹೆರ್ ಕ್ಯೂಬ್ಲರ್, ಪೂಜೆ ಮುಗಿದ ಮೇಲೆ ಈ ಹುಡುಗ ಎಲ್ಲಿದ್ದ?"

ವಾಲ್ಟರ್ ಹೇಳಿದರು: "ನಮ್ಮ ಕಾರಿನಲ್ಲಿ. ನೆಲಮಾಳಿಗೆಗೆ ಬೀಗ ಹಾಕಿದ್ದು ನಾನೇ. ರೈಲು ಹತ್ತಿಸಿದ್ದೂ ನಾನೇ."

"ಇದು ನಿಮಗೆ ಶನಿವಾರವೂ ಗೊತ್ತಿತ್ತು," ಎಂದೆ ನಾನು. ತಡೆಯಲಾಗಲಿಲ್ಲ.

ಅವರು ಮೊದಲ ಸಲ ಗುರುಬಸಪ್ಪನ ಮುಖ ನೋಡಿದರು.

"ಹಾಗಾದರೆ ಉಳಿದವನು ನಾನು. ಗೆದ್ದವನೂ ನಾನೇ," ಎಂದ ಡೀಟರ್ ಒರಟಾಗಿ.

"ನಾನೂ ಹಾಗೇ ಯೋಚಿಸಿದೆ. ಆದರೆ ವೈರಿಯಾಗಿದ್ದರೆ ಅಂಗಡಿ ತೋಟಾಗಳನ್ನು ಇಡುತ್ತಿರಲಿಲ್ಲ. ಮನೆಯ ತೋಟಾ ಇಳಿಯುವುದಿಲ್ಲ ಎಂದು ಯಾರಿಗೂ ಗೊತ್ತಾಗುವ ಮೊದಲೇ ಆ ಪೆಟ್ಟಿಗೆ ಅಲ್ಲಿತ್ತು. ಯಾರಿಗೆ ಸಿಟ್ಟು ಎಂದು ಹುಡುಕುವುದನ್ನು ಅಲ್ಲಿಗೇ ಬಿಟ್ಟೆ. ಯಾರಿಗೆ ಭಯ ಎಂದು ಹುಡುಕಿದೆ. ಇವರು ಆಡಲಿ, ಆದರೆ ಈ ತೋಟಾ ಮಾತ್ರ ಹಾರಿಸದಿರಲಿ ಎಂದು ಬಯಸಿದವರು ಯಾರು? ಅದಕ್ಕೇ ತೂಗಿದೆ. ಒಂದು ಕೇಸಿನಲ್ಲಿ ಮದ್ದು ಎರಡು ಸಲ ಬಿದ್ದಿತ್ತು."

"ಹಾರಿಸಿದ್ದರೆ ರಿವಾಲ್ವರ್ ಕೈಯಲ್ಲೇ ಒಡೆಯುತ್ತಿತ್ತು," ಎಂದ ಡೀಟರ್ ಮೆಲ್ಲಗೆ.

"ಆ ಪೆಟ್ಟಿಗೆ ಇಡಲು ನಿಮಗೆ ಹೇಳಿದ್ದು ಯಾರು?"

ಡೀಟರ್ ಗಿಸೆಲಾರ ಕಡೆ ನೋಡಿದ. "ಮೈದಾನಕ್ಕೆ ಕೇಕ್ ಕೊಡಲು ಬಂದಾಗ ಇವರು ಹೇಳಿದರು. ನಾನು ಕಾರಣ ಕೇಳಲಿಲ್ಲ."

"ಮೊದಲು ಬಳೆ ಸಡಿಲಿಸಬೇಕು ಅಂತ ಕೂಡ ಇವರಿಗೆ ಗೊತ್ತು," ಎಂದಳು ಅಕ್ಕ.

ಗಿಸೆಲಾ ಗಂಡನ ಕೈ ಹಿಡಿದರು. "ಮದುವೆಯಾದಾಗಿನಿಂದ ಆ ಪ್ರೆಸ್ಸಿನ ಹಿಡಿ ಎಳೆದಿದ್ದೇನೆ. ವಾಲ್ಟರ್, ಒಲೆ ಆರಿಸುವುದನ್ನು ನೀನು ಮರೆಯುತ್ತಿದ್ದೀಯ. ಹೋದ ವಾರ ಈ ತೋಟಾ ಕಟ್ಟುವಾಗ ನೀನು ಮದ್ದು ಹಾಕಿದ ಕೇಸಿಗೇ ಮತ್ತೆ ಹಾಕಿದ್ದನ್ನು ನಾನು ನೋಡಿದೆ. ಹೇಳಿದರೆ ನೀನು ನನ್ನನ್ನೇ ಗದರಿದೆ. ಯಾವ ಕೇಸು ಎಂದು ನನಗೂ ತಿಳಿಯದಂತೆ ಎಲ್ಲವನ್ನೂ ನೀನು ಅದಲುಬದಲು ಮಾಡಿಬಿಟ್ಟೆ. ಅದಕ್ಕೇ ನೀನು ಮೇಲೆ ಊಟಕ್ಕೆ ಹೋದಾಗ ನಾನು ಡೈ ಇಳಿಸಿದೆ. ಒಂದೂ ಒಳಗೆ ಹೋಗಬಾರದು ಎಂದು."

ವಾಲ್ಟರ್ ತಮ್ಮ ಬಲಗೈ ನೋಡಿದರು. ಐದೂ ಬೆರಳು ಅಗಲಿಸಿ, ಮಡಿಸಿದರು. "ಗದರಿದ್ದು ನೆನಪಿದೆ," ಎಂದರು. "ಇನ್ನು ಕಟ್ಟುವುದಿಲ್ಲ. ಧನ್ಯವಾದ, ಗಿಸೆಲಾ."

ಇಷ್ಟಕ್ಕೇ ಎಲ್ಲರ ಕಣ್ಣೂ ಒದ್ದೆಯಾಗಿ ಕತೆ ಮುಗಿಯಬಹುದಿತ್ತು. ಅಕ್ಕ ಬಿಡಲಿಲ್ಲ.

"ಗಂಡನ ಕೈ ಉಳಿಸಿದಿರಿ, ಒಳ್ಳೆಯದು. ಆದರೆ ತಪ್ಪು ಇವನ ತಲೆಗೆ ಬಂದಾಗ ಸುಮ್ಮನಿದ್ದಿರಿ. ಇವನ ಬದುಕಿಗೆ ನಿಮಗೆ ಭಯವಾಗಲಿಲ್ಲ."

"ಹೌದು," ಎಂದರು ಗಿಸೆಲಾ. "ವಾಲ್ಟರ್‌ನ ಮರೆವು ಊರಿಗೆ ಗೊತ್ತಾಗುತ್ತದೆ ಎಂದು ಬಾಯಿ ಮುಚ್ಚಿಕೊಂಡೆ. ನಾಚಿಕೆಯಾಗುತ್ತಿದೆ."

"ದೂರು ಹೋಗುವುದಿಲ್ಲ," ಎಂದ ಡೀಟರ್. "ಗುರು, ನನ್ನನ್ನು ಕ್ಷಮಿಸು."

"ಇಲ್ಲಿ ಬೇಡ. ಆರೋಪ ಸಂಘದ ಮುಂದೆ ಮಾಡಿದಿರಿ, ಕ್ಷಮೆಯೂ ಸಂಘದ ಮುಂದೆಯೇ ಆಗಲಿ," ಎಂದಳು ಅಕ್ಕ. ಡೀಟರ್ ಒಪ್ಪಿದ. ಶುಕ್ರವಾರ ಹಾಗೆಯೇ ಮಾಡಿದ, ನಾವೇ ಹೋಗಿ ಕೇಳಿಸಿಕೊಂಡೆವು.

ಆಗ ಗಿಸೆಲಾ ಎದ್ದು ಹೋಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಣಗಿದ ಲಿಂಡನ್ ಎಲೆ ತಂದರು. ಎರಡೂ ಕೈಯಲ್ಲಿ ಗುರುಬಸಪ್ಪನ ಮುಂದೆ ಹಿಡಿದರು.

ಅವನು ಗಡಬಡಿಸಿ ಎದ್ದ. "ಅಕ್ಕಾರ, ಇವರಿಗೆ ಹೇಳ್ರಿ. ದೊಡ್ಡವರು ಮೊದಲ ಕೊಡಂಗಿಲ್ಲ. ಸಣ್ಣವರು ಕೊಟ್ಟು ಕಾಲಿಗೆ ಬೀಳಬೇಕು."

ಅಕ್ಕ ಹೇಳಿದಳು. ಗಿಸೆಲಾ ತಲೆಯಾಡಿಸಿದರು. "ತಪ್ಪು ಮಾಡಿದವರು ಮೊದಲು ಕೊಡಬೇಕು. ನನ್ನ ಮನೆಯಲ್ಲಿ ಹಾಗೆ."

ಗುರುಬಸಪ್ಪ ಎಲೆಯನ್ನು ತೆಗೆದುಕೊಂಡ. ಆಮೇಲೆ ವಾಲ್ಟರ್ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ತಣ್ಣಗಾದ ಕಾಫಿಯನ್ನು ಅವರ ಕಡೆ ಸರಿಸಿದ.

"ಸಿಟ್ಟು ಇನ್ನೂ ಐತ್ರಿ, ಅಕ್ಕಾರ. ಆದರ ಈ ಕೈ ಉಳೀತಲ್ಲ, ನನಗ ಗುರಿ ಹಿಡಿಯೋದು ಕಲಿಸಿದ ಕೈ," ಎಂದು ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. "ಬಂಗಾರದಂಗ ಇರೋಣ ಅಂತ ಹೇಳ್ರಿ ಇವರಿಗೆ."

ಅಕ್ಕ ಅನುವಾದಿಸಲು ಬಾಯಿ ತೆರೆಯುವ ಮೊದಲೇ ವಾಲ್ಟರ್, "ಬಂಗಾರ," ಎಂದರು. ಅದನ್ನು ಅವರು ಮರೆತಿರಲಿಲ್ಲ.