ಪಕ್ಕದಲ್ಲಿ ಸ್ವಲ್ಪ ಜಾಗ

"ನನ್ನ ಕಥೆಯಿಂದ ದೇವರನ್ನೇ ಹೊಡೆದು ಹಾಕಿದ್ದೀರಲ್ಲ... ಕೈ ಹೇಗೆ ಬಂತು ನಿಮಗೆ!?"

ಮಕ್ಕಳ ಪುಸ್ತಕ ಮಾಡುವ ಆ ಪುಟ್ಟ ಆಫೀಸಿನಲ್ಲಿ ಎಲ್ಲರ ತಲೆಯೂ ಒಟ್ಟಿಗೆ ಮೇಲೆದ್ದಿತು.

ಕೇಳಿದವಳ ಕೈಯಲ್ಲಿ ಅವಳ ಮೊದಲ ಕಥೆಯ ಹಾಳೆಗಳು. ಹಾಳೆ ಹಾಳೆಗೂ ಕೆಂಪು ಪೆನ್ಸಿಲ್ಲಿನ ಗೆರೆ. ಕೇಳಿಸಿಕೊಂಡವನ ಕಿವಿಯ ಸಂದಿಯಲ್ಲಿ ಅದೇ ಕೆಂಪು ಪೆನ್ಸಿಲ್. ಕಳ್ಳ ಮಾಲು ಸಮೇತ ಸಿಕ್ಕಿಬಿದ್ದಿದ್ದ!

"ಹೊಡೆದು ಹಾಕಿದ್ದಲ್ಲ..." ಆ ಕಥೆಗೆ ಚಿತ್ರ ಬರೆಯುತ್ತಿದ್ದ ಚಿತ್ರಕಾರ ಎದ್ದು ನಿಂತ. ಎತ್ತರದ ಆಳು, ಅಂಗಿ ತೋಳಿನ ತುದಿಯಲ್ಲೆಲ್ಲ ನೀಲಿ ಬಣ್ಣ. "ಬೇಡ ಅನ್ನಿಸ್ತು, ಅಷ್ಟೇ."

"ದೇವರು ಬೇಡ ಅನ್ನಿಸ್ತಾ?"

"ಅಯ್ಯೋ, ಆ ಸಾಲು ಬೇಡ ಅಂದೆ!"

"ಆ ಸಾಲೇ ಅಲ್ವಾ ಕಥೆ!"

ಆ ಸಾಲು ಹೀಗಿತ್ತು: *ಪುಟ್ಟಿ ಹೆದರಲಿಲ್ಲ. ದೇವರು ಅವಳ ಪಕ್ಕದಲ್ಲೇ ಕೂತಿದ್ದ.*

ಆಸ್ಪತ್ರೆಯ ಬೆಂಚಿನ ಮೇಲೆ ಒಬ್ಬಳೇ ಕಾಯುವ ಪುಟ್ಟ ಹುಡುಗಿಯ ಕಥೆಯದು. ಅವಳಿಗೆ ಭಯ. ಅವಳು ಮನಸ್ಸಿನಲ್ಲೇ ದೇವರನ್ನು ಕರೆಯುತ್ತಾಳೆ. ಕರೆದ ಮೇಲೆ ದೇವರು ಬರಬೇಡವೇ? ಅವನು ಬಂದ ಸಾಲಿನ ಮೇಲೇ ಈ ಮನುಷ್ಯ ಗೆರೆ ಎಳೆದಿದ್ದ.

"ಸಾಕು, ಸಾಕು." ಒಳಗಿನಿಂದ ಪ್ರಕಾಶಕಿ ಬಂದರು. ಬಿಳಿ ಕೂದಲಿನ ಆಕೆಯನ್ನು ಆಫೀಸಿನಲ್ಲಿ ಎಲ್ಲರೂ ದೊಡ್ಡಮ್ಮ ಎಂದೇ ಕರೆಯುವುದು. "ಚಿತ್ರ ತೋರಿಸಪ್ಪ, ಜಗಳ ಮುಗೀಲಿ."

"ಅರ್ಧ ಬರೆದದ್ದು ತೋರಿಸಲ್ಲ ದೊಡ್ಡಮ್ಮ. ನಿಮಗೆ ಗೊತ್ತಲ್ಲ."

"ಹಾಗಾದ್ರೆ ಶನಿವಾರ ಮಕ್ಕಳೇ ಹೇಳ್ತಾರೆ. ಅಲ್ಲಿವರೆಗೂ ಇಬ್ಬರ ಬಾಯಿಗೂ ಬೀಗ!"

ಶನಿವಾರ ಎಂದರೆ ಚಾಪೆ ಪರೀಕ್ಷೆ. ಗ್ರಂಥಾಲಯದ ಮೂಲೆಯಲ್ಲಿ ಚಾಪೆ ಹಾಸಿ, ಮಕ್ಕಳನ್ನು ಕೂರಿಸಿ, ಬರೆದವರೇ ಪುಸ್ತಕದ ಕಚ್ಚಾ ಪ್ರತಿಯನ್ನು ಓದಬೇಕು. ಹಿಂದಿನ ಕುರ್ಚಿಯಲ್ಲಿ ಕೂತು ದೊಡ್ಡಮ್ಮ ಎಣಿಸುತ್ತಾರೆ. ಮಧ್ಯದಲ್ಲಿ ಇಬ್ಬರಿಗಿಂತ ಹೆಚ್ಚು ಮಕ್ಕಳು ನೀರು ಕುಡಿಯಲು ಎದ್ದು ಹೋದರೆ ಆ ಪುಸ್ತಕ ವಾಪಸ್! ದೊಡ್ಡ ದೊಡ್ಡ ಬರಹಗಾರರೇ ಆ ಚಾಪೆಯ ಮುಂದೆ ಬೆವರಿದ್ದುಂಟು.

ಇವಳಂತೂ ಬರಹಗಾರ್ತಿಯೇ ಅಲ್ಲ. ಹಾಗಂತ ಅವಳೇ ಅಂದುಕೊಂಡಿದ್ದಳು.

ಅವಳು ಕಣ್ಣಾಸ್ಪತ್ರೆಯ ಮಕ್ಕಳ ವಿಭಾಗದ ನರ್ಸು. ಪರೀಕ್ಷೆಗೆ ಮೊದಲು ಮಕ್ಕಳ ಕಣ್ಣಿಗೆ ಔಷಧಿ ಬಿಟ್ಟು, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಸಿ ಕೂರಿಸುವುದು ಅವಳ ಕೆಲಸ. ಅದಕ್ಕೇ ಮಕ್ಕಳು ಅವಳಿಗಿಟ್ಟ ಹೆಸರು ಹನಿ ಅಕ್ಕ.

ಐದು ವರ್ಷದ ಮಗುವನ್ನು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿಸಿ ಕೂರಿಸಿ ನೋಡಿ, ಆಗ ಗೊತ್ತಾಗುತ್ತದೆ! ಗದರಿದರೆ ಅಳುತ್ತವೆ, ಅತ್ತರೆ ಔಷಧಿಯೆಲ್ಲ ಕೆನ್ನೆಗೆ. ಹಾಗಾಗಿ ಹನಿ ಅಕ್ಕ ಕಥೆ ಹೇಳಲು ಶುರು ಮಾಡಿದಳು.

ಒಂದು ದಿನ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಪುಟಾಣಿಯೊಬ್ಬಳು ಅವಳ ಸೆರಗು ಹಿಡಿದು ಕೇಳಿದ್ದಳು. "ಅಕ್ಕಾ, ಅಮ್ಮ ಒಳಗೆ ಹೋದ್ಲು. ಕಣ್ಣು ಮುಚ್ಚಿದ್ರೆ ನೀನೂ ಕಾಣಲ್ಲ. ಆಗ ನನ್ನ ಜೊತೆ ಯಾರಿರ್ತಾರೆ?"

"ದೇವರು ಇರ್ತಾನೆ ಪುಟ್ಟಾ."

"ಎಲ್ಲಿ ಕೂರ್ತಾನೆ?"

ಆ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ್ದೇ ಈ ಕಥೆ. ಅಂದು ಮೊಮ್ಮಗಳ ಜೊತೆ ಬಂದು ಅದೇ ಬೆಂಚಿನಲ್ಲಿ ಕೂತಿದ್ದ ದೊಡ್ಡಮ್ಮ ಕಥೆ ಮುಗಿಯುವವರೆಗೂ ತಾವೂ ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಅವಳ ಕೈ ಹಿಡಿದು, "ಇದನ್ನ ಬರೆದು ಕೊಡ್ತೀಯೇನಮ್ಮ?" ಎಂದಿದ್ದರು.

ಅವಳು ಬರೆದಳು. ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಹಳೇ ಔಷಧಿ ಚೀಟಿಗಳ ಹಿಂದೆ!

"ಡಾಕ್ಟರ ಅಕ್ಷರ ಮುಂದೆ, ನಿನ್ನ ಅಕ್ಷರ ಹಿಂದೆ. ಎರಡೂ ಓದೋಕಾಗಲ್ಲ ಕಣೇ," ಎಂದು ಅಮ್ಮ ನಕ್ಕಿದ್ದರು. ಆದರೂ ಆ ಚೀಟಿಗಳನ್ನೆಲ್ಲ ಜೋಡಿಸಿ ದಾರದಲ್ಲಿ ಹೊಲಿದುಕೊಟ್ಟವರು ಅಮ್ಮನೇ.

ಅಂಥ ಕಥೆಯ ಮೇಲೆ ಈಗ ಕೆಂಪು ಗೆರೆ...

*ಶನಿವಾರ ಬರಲಿ. ಅವನು ಹೊಡೆದು ಹಾಕಿದ ಸಾಲನ್ನ ಅವನ ಎದುರೇ ಗಟ್ಟಿಯಾಗಿ ಓದ್ತೀನಿ!*

ಬುಧವಾರ ಬೆಳಿಗ್ಗೆ ಅವಳು ಆಸ್ಪತ್ರೆಗೆ ಬಂದಳು. ಮಕ್ಕಳ ವಿಭಾಗದ ಉದ್ದ ಬೆಂಚನ್ನು ಯಾರೋ ಗೇಣು ಹಾಕಿ ಅಳೆಯುತ್ತಿದ್ದರು. ಅವನೇ! ಮಕ್ಕಳು ಜೋರಾಗಿ ಎಣಿಸುತ್ತಿದ್ದವು.

"ಏನ್ ಮಾಡ್ತಿದ್ದೀರಿ ಇಲ್ಲಿ?"

"ಬೆಂಚು ನೋಡೋಕೆ ಬಂದೆ." ಅವನ ಕಿವಿ ಕೆಂಪಗಾಯಿತು. "ನಿಮ್ಮ ಕಥೆಯಲ್ಲಿ ಬೆಂಚಿನ ಬಣ್ಣ ಇದೆ, ಕಾಲು ಅಲ್ಲಾಡೋ ಸದ್ದಿದೆ. ಉದ್ದ ಇರಲಿಲ್ಲ. ಉದ್ದ ಬೇಕಿತ್ತು."

"ಯಾಕೆ?"

"ಅದು... ಶನಿವಾರ ನೋಡಿ."

ಅಷ್ಟರಲ್ಲಿ ಔಷಧಿಯ ಹೊತ್ತಾಯಿತು. ಅವಳು ಮಕ್ಕಳಿಗೆ ಹನಿ ಬಿಟ್ಟು ಕಥೆ ಶುರು ಮಾಡಿದಳು. ತಿರುಗಿ ನೋಡಿದರೆ ಬೆಂಚಿನ ಕೊನೆಯಲ್ಲಿ ಅವನೂ ಕಣ್ಣು ಮುಚ್ಚಿ ಕೂತಿದ್ದಾನೆ! ಅಷ್ಟು ದೊಡ್ಡ ಆಳು, ಕೈ ಕಟ್ಟಿಕೊಂಡು, ಒಂದನೇ ಕ್ಲಾಸಿನ ಮಗುವಿನ ಹಾಗೆ.

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಇನ್ನೇನೋ ಬಂತು, ಅದಕ್ಕೆ ಅವಳು ಹೆಸರಿಡಲಿಲ್ಲ. ನಾವೂ ಇಡುವುದು ಬೇಡ, ಹೇಗೂ ನಿಮಗೆ ಗೊತ್ತಾಗಿದೆ.

ಕಥೆ ಮುಗಿದ ಮೇಲೆ ಅವಳೇ ಹತ್ತಿರ ಹೋದಳು. ದನಿ ಮೆತ್ತಗಾಗಿತ್ತು. "ಒಂದು ಮಾತು ಕೇಳಲಾ? ನಿಮಗೆ ದೇವರಲ್ಲಿ ನಂಬಿಕೆ ಇದೆಯಾ?"

ಅವನು, "ಅದನ್ನ ಬಾಯಿಬಿಟ್ಟು ಹೇಳೋಕೆ ನನಗೆ ಬರಲ್ಲ," ಎಂದ.

ಇಲ್ಲ ಅನ್ನುವುದನ್ನು ಸಭ್ಯವಾಗಿ ಹೇಳುವ ರೀತಿ ಇದು ಎಂದುಕೊಂಡಳು ನಮ್ಮ ಹುಡುಗಿ. ಮುಖ ತಿರುಗಿಸಿ ಹೊರಟೇ ಹೋದಳು. ಅಲ್ಲಮ್ಮಾ, ಒಂದು ನಿಮಿಷ ನಿಂತಿದ್ದರೆ ಏನಾಗುತ್ತಿತ್ತು?

ಶನಿವಾರ ಬಂತು.

ಚಾಪೆಯ ಮೇಲೆ ಇಪ್ಪತ್ತೊಂದು ಮಕ್ಕಳು. ಎಲ್ಲರಿಗಿಂತ ಮುಂದೆ ಕಣ್ಣಿನ ಪಟ್ಟಿಯ ಪುಟಾಣಿ. ಹಿಂದೆ ಕುರ್ಚಿಯಲ್ಲಿ ದೊಡ್ಡಮ್ಮ. ಬಾಗಿಲ ಬಳಿ, ಕಪಾಟಿಗೆ ಒರಗಿ ಅವನು.

ಹನಿ ಅಕ್ಕನ ಕೈಯಲ್ಲಿ ಕಚ್ಚಾ ಪ್ರತಿ. ಚಿತ್ರಗಳನ್ನು ಅವಳೂ ಈಗಲೇ ನೋಡುತ್ತಿರುವುದು. ನೋಡುವುದೆಲ್ಲಿ ಬಂತು! ಪುಸ್ತಕ ಮಕ್ಕಳ ಕಡೆಗೆ ತಿರುಗಿತ್ತು, ಕಥೆ ಬಾಯಿಪಾಠ, ಅವಳ ಗಮನವೆಲ್ಲ ಹನ್ನೆರಡನೇ ಪುಟದಲ್ಲಿ ಹೇಳಬೇಕಾದ ಆ ಸಾಲಿನ ಮೇಲಿತ್ತು.

ಹನ್ನೊಂದು ಮುಗಿಯಿತು. ಹನ್ನೆರಡನೇ ಪುಟ ತಿರುಗಿಸಿದಳು. ಉಸಿರೆಳೆದು ಬಾಯಿ ತೆರೆದಳು.

"ಅಕ್ಕಾ!" ಪಟ್ಟಿಯ ಪುಟಾಣಿ ಎದ್ದು ನಿಂತು ಬೆರಳು ತೋರಿಸಿದಳು. "ದೇವರಿಗೆ ಜಾಗ ಬಿಟ್ಟಿದ್ದಾಳೆ!!"

ಹನಿ ಅಕ್ಕ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು.

ಆ ಉದ್ದನೆಯ ಬೆಂಚು. ಒಂದು ತುದಿಯಲ್ಲಿ ಪುಟ್ಟಿ, ಕಣ್ಣು ಮುಚ್ಚಿಕೊಂಡು, ತುಟಿಯಲ್ಲಿ ಸಣ್ಣ ನಗು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ. ಆ ಜಾಗದ ಮೇಲೆ ಕಿಟಕಿಯ ಬೆಳಕು.

ಅವಳು ಸರಸರ ಹಿಂದಿನ ಪುಟಗಳನ್ನು ಮಗುಚಿದಳು. ಮೊದಲ ಪುಟದಲ್ಲಿ ಪುಟ್ಟಿ ಬೆಂಚಿನ ನಟ್ಟನಡುವೆ ಕೂತಿದ್ದಾಳೆ, ಪಕ್ಕದಲ್ಲಿ ಅವಳ ಚೀಲ. ಐದರಲ್ಲಿ ಚೀಲ ಕೆಳಗಿಳಿದಿದೆ. ಎಂಟರಲ್ಲಿ ಪುಟ್ಟಿ ಸ್ವಲ್ಪ ಸರಿದಿದ್ದಾಳೆ. ಹನ್ನೊಂದರಲ್ಲಿ ತನ್ನ ಕರ್ಚೀಫಿನಿಂದ ಪಕ್ಕದ ಜಾಗವನ್ನು ಒರೆಸುತ್ತಿದ್ದಾಳೆ!

*ಅಯ್ಯೋ ದೇವರೇ... ಇವನು ನಿನ್ನನ್ನ ಹೊಡೆದು ಹಾಕಿಲ್ಲ. ಮೊದಲ ಪುಟದಿಂದ ನಿನಗೇ ಜಾಗ ಮಾಡ್ತಾ ಬಂದಿದ್ದಾನೆ!*

ಕಣ್ಣು ಮುಚ್ಚಿದ ಮಕ್ಕಳಿಗೆ ಎಲ್ಲವನ್ನೂ ಬಾಯಲ್ಲೇ ಹೇಳಿ ಅಭ್ಯಾಸ ಅವಳಿಗೆ. ಕಣ್ಣು ತೆರೆದ ಮಕ್ಕಳು ತಾವೇ ನೋಡುತ್ತಾರೆ ಅನ್ನುವುದನ್ನೇ ಮರೆತಿದ್ದಳು.

ಆ ಸಾಲನ್ನು ಅವಳು ಓದಲಿಲ್ಲ. ಓದುವ ಅಗತ್ಯವೂ ಬೀಳಲಿಲ್ಲ. ಚಾಪೆಯ ಮೇಲೆ ಮಕ್ಕಳು ಒಬ್ಬೊಬ್ಬರೇ ಸರಿದು ಪಕ್ಕದಲ್ಲಿ ಜಾಗ ಬಿಡುತ್ತಿದ್ದರು. ಸರಿದು ಸರಿದು ಅರ್ಧ ಮಕ್ಕಳು ಚಾಪೆಯ ಹೊರಗೆ!

ನೀರಿಗೆ ಎದ್ದವರು ಸೊನ್ನೆ. ದೊಡ್ಡಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಅಚ್ಚಿಗೆ ಕಳಿಸ್ರಪ್ಪ," ಎಂದಷ್ಟೇ ಹೇಳಿದರು.

ಪುಟಾಣಿ ಓಡಿಬಂದು ಹನಿ ಅಕ್ಕನ ಕೈ ಎಳೆದಳು. "ಅಕ್ಕಾ, ನೀನು ರೈಟರಾ?"

ಇಷ್ಟು ದಿನ ಯಾರು ಕೇಳಿದರೂ ಇಲ್ಲಪ್ಪ, ನಾನು ನರ್ಸು ಅನ್ನುತ್ತಿದ್ದಳು.

"ಹೂಂ ಪುಟ್ಟಾ," ಎಂದಳು ಇವತ್ತು. "ರೈಟರೂ ಹೌದು!"

ಹೇಳುತ್ತಲೇ ಬಾಗಿಲ ಕಡೆ ನೋಡಿದಳು. ಕಪಾಟಿನ ಬಳಿ ಯಾರೂ ಇರಲಿಲ್ಲ. ಹೊಗಳಿಕೆ ಶುರುವಾಗುವ ಮೊದಲೇ ಚಿತ್ರಕಾರ ಜಾಗ ಖಾಲಿ ಮಾಡಿದ್ದ.

ಭಾನುವಾರವಿಡೀ ಅವಳು ಫೋನ್ ಕೈಗೆತ್ತಿಕೊಂಡಳು, ಇಟ್ಟಳು. ಏನಂತ ಹೇಳುವುದು? ತಪ್ಪಾಯ್ತು ಅಂತಲೇ? ಅಷ್ಟೇ ಹೇಳುವುದಿದ್ದರೆ ಒಂದೇ ಸಲ ಫೋನ್ ಎತ್ತಿದರೆ ಸಾಕಿತ್ತಲ್ಲ!

"ಚೀಟಿ ಹಿಂದೆ ಬರೆದು ಕಳಿಸೇ," ಎಂದರು ಅಮ್ಮ, ತಲೆಯೆತ್ತದೆ. ಅಮ್ಮಂದಿರಿಗೆ ಎಲ್ಲ ಗೊತ್ತಾಗುತ್ತದೆ.

ಸೋಮವಾರ ಬೆಳಿಗ್ಗೆ ಅವಳು ಕೆಲಸಕ್ಕೆ ಬಂದಾಗ ಮಕ್ಕಳ ಬೆಂಚಿನ ತುದಿಯಲ್ಲಿ ಅವನು ಕೂತಿದ್ದ. ಕೈಯಲ್ಲಿ ಕಣ್ಣಿನ ಪರೀಕ್ಷೆಯ ಚೀಟಿ.

"ದೊಡ್ಡವರ ವಿಭಾಗ ಮೇಲಿನ ಮಹಡಿ," ಎಂದಳು.

"ಅಲ್ಲಿ ಕಥೆ ಹೇಳಲ್ವಂತೆ."

ನಗು ತಡೆಯಲಾಗಲಿಲ್ಲ ಅವಳಿಗೆ. ಚೀಟಿ ನೋಡಿದಳು. ಸಣ್ಣ ಗೆರೆ ಎಳೆದು ಎಳೆದು ಕಣ್ಣು ನೋವಂತೆ, ಪರೀಕ್ಷೆ ನಿಜವೇ. ಗಲ್ಲ ಎತ್ತಿ ಎರಡೂ ಕಣ್ಣಿಗೆ ಹನಿ ಬಿಟ್ಟಳು.

"ಇಪ್ಪತ್ತು ನಿಮಿಷ ಕಣ್ಣು ಬಿಡೋ ಹಾಗಿಲ್ಲ."

"ಸರಿ." ಅವನು ಕಣ್ಣು ಮುಚ್ಚಿದ. "ಕಣ್ಣು ಮುಚ್ಚಿದ್ರೆ ನನಗೆ ಮಾತು ಬರುತ್ತೆ, ಅದಕ್ಕೇ ಬಂದೆ. ಬುಧವಾರ ನೀವು ಕೇಳಿದ್ರಲ್ಲ... ನಮ್ಮಮ್ಮ ಪ್ರಾರ್ಥನೆಗೆ ಕೂತಾಗ ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಬಿಡೋರು. ಯಾರಿಗೆ ಅಂತ ಯಾವತ್ತೂ ಹೇಳಲಿಲ್ಲ. ಆದ್ರೆ ನಾನು ಚಿಕ್ಕವನಿದ್ದಾಗ ಕೂಡ ಆ ಜಾಗದಲ್ಲಿ ಕೂರ್ತಿರಲಿಲ್ಲ. ನಿಮ್ಮ ಕಥೆ ಓದಿದಾಗ ಅಮ್ಮ ನೆನಪಾದ್ರು. ಅದಕ್ಕೇ ಆ ಸಾಲು ಹೊಡೆದೆ. ಹೇಳೋಕೆ ಬರಲಿಲ್ಲ ನನಗೆ. ನಿಮ್ಮನ್ನ ನೋಯಿಸಿಬಿಟ್ಟೆ."

ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಅವನಿಗೆ ಕಾಣುವುದಿಲ್ಲವಲ್ಲ, ಧಾರಾಳವಾಗಿ ಅತ್ತಳು.

"ತಪ್ಪು ನಂದು," ಎಂದಳು. "ನೋಡದೇನೇ ಕೂಗಾಡಿದೆ. ಮುಂದಿನ ಪುಸ್ತಕಕ್ಕೆ ಎಷ್ಟು ಬೇಕಾದ್ರೂ ಗೆರೆ ಎಳೀರಿ."

"ಮುಂದಿನದಕ್ಕೂ ನಾನೇನಾ?"

"ಎಲ್ಲದಕ್ಕೂ."

ಅವನು ಮೆಲ್ಲಗೆ ತುದಿಗೆ ಸರಿದ. ಜೇಬಿನಿಂದ ಕರ್ಚೀಫ್ ತೆಗೆದು, ಕಣ್ಣು ಮುಚ್ಚಿಕೊಂಡೇ, ಪಕ್ಕದ ಜಾಗವನ್ನು ತಡವಿ ತಡವಿ ಒರೆಸಿದ. ಕರ್ಚೀಫಿಗೂ ನೀಲಿ ಬಣ್ಣ ಮೆತ್ತಿತ್ತು.

"ಪುಸ್ತಕದಲ್ಲಿ ಆ ಜಾಗ ದೇವರದ್ದು," ಎಂದ. "ಇದು... ನಿಮಗೆ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ. ಇದನ್ನ ಮಾತ್ರ ಚಿತ್ರದಲ್ಲಿ ಹೇಳೋಕಾಗಲಿಲ್ಲ."

ಔಷಧಿ ಬಾಟಲಿಯನ್ನು ಕೆಳಗಿಟ್ಟ ಸದ್ದಾಯಿತು.

ಬೆಂಚಿನ ಕಾಲು ಕಿರ್ರೆಂದಿತು. ಯಾರೋ ಪಕ್ಕದಲ್ಲಿ ಕೂತರು.

"ಕಣ್ಣು ಬಿಡಲಾ?"

"ಊಹೂಂ! ಇನ್ನೂ ಹನ್ನೊಂದು ನಿಮಿಷ ಇದೆ."

"ಇದ್ದೀಯಾ ತಾನೇ?"

ನೀಲಿ ಬಣ್ಣದ ಆ ಕೈಯನ್ನು ಅವಳು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೆದರಬೇಡ," ಎಂದಳು ಹನಿ ಅಕ್ಕ. "ಪಕ್ಕದಲ್ಲೇ ಕೂತಿದ್ದೀನಿ."