ಕಡ್ಲಿ ಹೊಲದ ಬಿಳಿ ಅರಿಬಿ

ಆ ಬೆರಳನ್ನು ಮಹಾನಂದಾ ಆಮೇಲೆ ಎಷ್ಟೋ ಸಲ ನೋಡಿಕೊಂಡಳು. ರೊಟ್ಟಿ ಬಡಿಯುವಾಗ, ಎಮ್ಮೆ ಹಿಂಡುವಾಗ, ಹೆರಳು ಹಾಕಿಕೊಳ್ಳುವಾಗ. ಬಲಗೈಯ ತೋರುಬೆರಳು. ನೋಡಲು ಎಲ್ಲರ ಬೆರಳಿನ ಹಾಗೇ ಇತ್ತು. ಆದರೆ ಅದು ಒಬ್ಬ ಒಳ್ಳೆಯ ಮನುಷ್ಯನ ಕಡೆ ಚಾಚಿ, ಊರೆಲ್ಲ ಅವನನ್ನು ಕಳ್ಳ ಅನ್ನುವ ಹಾಗೆ ಮಾಡಿತ್ತು.

ಮೊರಬ ಊರಿನ ಕಪ್ಪು ಎರಿಭೂಮಿಯಲ್ಲಿ ಕಡಲೆ ಹೂ ಬಿಡುವ ಚಳಿಯ ದಿನಗಳವು. ಆಗ ಎಲೆಗಳ ಮೇಲೆ ಹುಳಿ ಒಸರುತ್ತದೆ. ಸಂಜೆ ತೆಳು ಬಟ್ಟೆಯೊಂದನ್ನು, ಊರ ಮಾತಿನಲ್ಲಿ ಅರಿಬಿಯನ್ನು, ಬೆಳೆಯ ಮೇಲೆ ಹಾಸಿ ಬಂದರೆ ಬೆಳಗಾಗುವಷ್ಟರಲ್ಲಿ ಅದು ಇಬ್ಬನಿಯನ್ನೂ ಹುಳಿಯನ್ನೂ ಕುಡಿದು ಭಾರವಾಗಿರುತ್ತದೆ. ಹಿಂಡಿ ಗಾಜಿನ ಬಾಟಲಿಯಲ್ಲಿ ತುಂಬಿಟ್ಟರೆ ವರ್ಷಪೂರ್ತಿ ಹೊಟ್ಟೆನೋವಿಗೆ ಔಷಧ. ಆದರೆ ಹೊಲದವರನ್ನು ಕೇಳಿ ಹಾಸಬೇಕು. ಅದು ರೂಢಿ.

ಮಹಾನಂದಾ ಕೇಳಿರಲಿಲ್ಲ.

ಅವರ ಹೊಲದಲ್ಲಿ ಈ ವರ್ಷ ಬಿಳಿಜೋಳ. ಅವ್ವ ಅನ್ನವ್ವನಿಗೆ ಉಂಡದ್ದು ಕರಗದೆ ಹೊಟ್ಟೆ ಹಿಡಿದುಕೊಂಡು ಕೂರುವ ಬಾಧೆ. ಹತ್ತಿರದಲ್ಲಿದ್ದದ್ದು ಬಸಣ್ಣನ ಕಡಲೆ ಹೊಲ. ಬಸಣ್ಣ ಹಿಂದಿನ ವರ್ಷ ತಾನೇ ಮುಂದಾಗಿ ತಂದಿದ್ದ ಸಂಬಂಧವನ್ನು ಮಹಾನಂದಾ ಬೇಡ ಅಂದಿದ್ದಳು. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ. ಮೇಲಾಗಿ ಹುಳಿ ತೆಗೆದರೆ ಕಾಳಿನ ಕಸುವು ಹೋಗುತ್ತದೆ ಎಂದು ನಂಬಿದವನು ಅವನು. ಕೇಳುವುದಾದರೂ ಹೇಗೆ?

ಅಂದು ಮಂಜು ಕವಿದ ಬೆಳಗಿನಲ್ಲಿ ಅವಳು ಬಟ್ಟೆ ಹಿಂಡಿ, ಬಾಟಲಿಯನ್ನು ಶಾಲಿನೊಳಗೆ ಮುಚ್ಚಿಕೊಂಡು ಏಳುವಾಗಲೇ ಬದುವಿನಿಂದ ಬಸಣ್ಣನ ದನಿ ಬಂತು.

"ಯಾರಲೇ ಅದು ಹೊಲದಾಗ? ದಿನಾ ಯಾರೋ ಹಿಂಡಕೊಂಡ ಹೊಕ್ಕಾರ, ಇವತ್ತ ಸಿಕ್ಕಿ ನೋಡು."

ಅದೇ ಹೊತ್ತಿಗೆ, ಹೊಲದ ಪಕ್ಕದ ಶಾಲೆಯ ಬೇಲಿಯ ಕಡೆಯಿಂದ ಇನ್ನೊಬ್ಬರು ಹೊಲದೊಳಗೆ ಬಗ್ಗಿ ಬೆಳೆಯ ಮೇಲಿನಿಂದ ದೊಡ್ಡದೊಂದು ಬಿಳಿ ಬಟ್ಟೆಯನ್ನು ಎತ್ತಿ, ತೊಟ್ಟಿಕ್ಕುವ ನೀರನ್ನು ಹಿಂಡುತ್ತಿದ್ದರು. ಅವಳ ಬೆರಳು ಅವಳನ್ನು ಕೇಳದೆ ಮೇಲೆದ್ದಿತು.

"ಕಾಕಾ, ಅಲ್ಲಿ ನೋಡ್ರಿ. ಅವರು ಹುಳಿ ಹಿಂಡಾಕತ್ತಾರ."

ಅವನು ಹೈಸ್ಕೂಲಿನ ವಿಜ್ಞಾನದ ಮಾಸ್ತರ, ಅಣ್ಣಿಗೇರಿಯ ಸಿದ್ಧಾರೂಢ. ತಿಂಗಳಿಗೊಮ್ಮೆ 'ನೋಡೂಣು ಬರ್ರಿ' ಅಂತ ಊರವರನ್ನೆಲ್ಲ ಕರೆದು ಏನಾದರೊಂದು ತೋರಿಸುತ್ತಿದ್ದವನು. ಒಮ್ಮೆ ಬೆಣ್ಣಿಹಳ್ಳದ ಹಕ್ಕಿ, ಒಮ್ಮೆ ಶಾಲೆಯ ಮಾಳಿಗೆಯಿಂದ ಶನಿಗ್ರಹ. ಆ ದಿನ ದೂರದರ್ಶಕಕ್ಕೆ ಕಣ್ಣಿಟ್ಟ ಮಹಾನಂದಾ ಎಷ್ಟು ಹೊತ್ತಾದರೂ ಸರಿದಿರಲಿಲ್ಲ. "ಉಂಗುರ ಹೌದ್ರಿ ಸರ, ಆದ್ರ ಹಾಕಿದವ್ರು ಯಾರು?" ಎಂದು ಕೇಳಿದ್ದಳು. ಸಾಲಿನಲ್ಲಿ ನಿಂತವರು ನಕ್ಕಿದ್ದರು. ಸಿದ್ಧಾರೂಢ ನಗದೆ ಅವಳನ್ನೇ ನೋಡಿದ್ದ. ಆ ನೋಟವನ್ನು ಅವಳು ಮನೆಗೆ ತಂದು, ಯಾರಿಗೂ ತೋರಿಸದೆ ಇಟ್ಟುಕೊಂಡಿದ್ದಳು.

ಈಗ ಅವನ ಮೇಲೆಯೇ ಬೆರಳು ಮಾಡಿದ್ದಳು.

"ಏನ್ರಿ ಮಾಸ್ತರ," ಬಸಣ್ಣ ಧೋತರ ಎತ್ತಿಕೊಂಡು ಬಂದ. "ಸಾಲಿ ಕಲಿಸಾಕ ಬಂದೀರೋ, ಹುಳಿ ಕದಿಯಾಕ ಬಂದೀರೋ?"

"ಇಲ್ರಿ ಕಾಕಾ, ಇದು ನಮ್ಮ ಕಾರ್ಯಕ್ರಮದ್ದು, ಹುಳಾ ಬರತಾವೇನಂತ ರಾತ್ರಿ ಬೇಲಿಗೆ ಕಟ್ಟಿದ್ದೆ, ಗಾಳಿಗೆ ಹಾರಿ..." ಅನ್ನುತ್ತ ಸಿದ್ಧಾರೂಢ ಬಸಣ್ಣನ ಹೆಗಲಾಚೆ ನೋಡಿದ. ಮಹಾನಂದಾಳ ಕಂಕುಳಲ್ಲಿ ಒದ್ದೆ ಬಟ್ಟೆ. ಶಾಲಿನ ಅಂಚಿನಲ್ಲಿ ಬಾಟಲಿಯ ಕತ್ತು.

ಅವನ ಮಾತು ಅಲ್ಲೇ ನಿಂತಿತು.

"ತಪ್ಪಾತ್ರಿ," ಅಂದ.

ಬಸಣ್ಣ ಆ ಬಟ್ಟೆಯನ್ನು ಕಸಿದುಕೊಂಡು ಹೋಗಿ ಊರ ನಡುವಿನ ಬೇವಿನ ಮರಕ್ಕೆ ಕಟ್ಟಿದ. ಎಲ್ಲರೂ ನೋಡಲಿ ಎಂದು.

ಮನೆಯಲ್ಲಿ ಅನ್ನವ್ವ ಮಜ್ಜಿಗೆಗೆ ಹುಳಿ ಬೆರೆಸಿ ಕುಡಿದು, ಹೊಟ್ಟೆ ನೀವಿಕೊಂಡು ಸಮಾಧಾನದ ಉಸಿರು ಬಿಟ್ಟಳು. "ಬಸಣ್ಣ ಕೇಳಿದ ಕೂಡಲೇ ಕೊಟ್ಟನೇನಬೇ? ನಾವ ಅವನ್ನ ತಪ್ಪು ತಿಳಕೊಂಡಿದ್ವಿ. ದೇವ್ರು ಅವನ ಹೊಲಾ ತಂಪಾಗಿಡ್ಲಿ."

ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಮಹಾನಂದಾ ತಿರುವಲಿಲ್ಲ.

ಹೆಸರು ಬಹಳ ಬೇಗ ಊರು ಸುತ್ತಿತು. ಹುಳಿ ಮಾಸ್ತರ. ಚಹಾದಂಗಡಿಯಲ್ಲಿ ಹುಳಿ ಮಾಸ್ತರ, ಹಿಟ್ಟಿನ ಗಿರಣಿಯಲ್ಲಿ ಹುಳಿ ಮಾಸ್ತರ. ಶನಿವಾರ ಸಂಜೆ ದೀಪಕ್ಕೆ ಬರುವ ಪತಂಗಗಳನ್ನು ತೋರಿಸುವ ಕಾರ್ಯಕ್ರಮವಿತ್ತು. ಬಸ್ ನಿಲ್ದಾಣದಲ್ಲಿ ಅಂಟಿಸಿದ್ದ ಅದರ ಕಾಗದದ ಕೆಳಗೆ ಯಾರೋ ಇದ್ದಿಲಿನಿಂದ ಬರೆದಿದ್ದರು: 'ಅರಿಬಿ ನೀವ ತರ್ರಿ.' ಮಹಾನಂದಾ ಅದನ್ನು ಓದಿ ತಲೆ ತಗ್ಗಿಸಿದಳು. ಡೈರಿಗೆ ಹಾಲು ಹಾಕಲು ಶಾಲೆಯ ಬೇಲಿಯ ಪಕ್ಕದ ದಾರಿ ಬಿಟ್ಟು, ಊರು ಬಳಸಿ ಹೋಗತೊಡಗಿದಳು. ಅಷ್ಟು ಸುತ್ತಿ ಹೋದರೂ ನಾಚಿಕೆ ಅವಳಿಗಿಂತ ಮುಂಚೆ ಡೈರಿ ಮುಟ್ಟಿರುತ್ತಿತ್ತು.

ಗುರುವಾರ ಮಟಮಟ ಮಧ್ಯಾಹ್ನ ಬೀದಿ ಖಾಲಿ ಇದ್ದಾಗ ಅವಳು ಬೇವಿನ ಮರದಿಂದ ಆ ಬಟ್ಟೆಯನ್ನು ಬಿಚ್ಚಿದಳು. ಸಾಬೂನು ಪುಡಿ ಹಾಕಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಒಣಗಿಸಿ, ಇಸ್ತ್ರಿ ಮಾಡಿ, ಮಡಿಕೆಯ ಮೇಲೆ ಮಡಿಕೆ ಇಟ್ಟು ಶಾಲೆಗೆ ಒಯ್ದಳು. ಮಕ್ಕಳೆಲ್ಲ ಹೋಗಿ ಆಗಿತ್ತು. ಸಿದ್ಧಾರೂಢ ಪ್ರಯೋಗಾಲಯದಲ್ಲಿ ನೀಲಿ ದೀಪವೊಂದಕ್ಕೆ ವೈರು ಜೋಡಿಸುತ್ತಿದ್ದ.

"ನಿಮ್ಮ ಅರಿಬಿ, ಸರ."

ಅವನು ತೆಗೆದುಕೊಂಡು ಅಂಗೈಯಿಂದ ಸವರಿದ. "ಇಸ್ತ್ರಿನೂ ಮಾಡೀರಿ. ಯಾರದೋ ಮದವಿ ಐತಿ ಅಂದ್ಕೊಂಡು ಹುಳಾ ಹೆದರಿ ಹೊಳ್ಳಿ ಹೋದಾವು."

ಅವಳಿಗೆ ನಗು ಬರಲಿಲ್ಲ. ಕಣ್ಣು ನೆಲದಲ್ಲಿತ್ತು.

"ಎಷ್ಟ ಹಿಂಡಿದ್ರಿ?" ಅವನು ಕೇಳಿದ.

"ಏನ್ರಿ?"

"ನಿಮ್ಮ ಅರಿಬಿ. ನಂದು ಬರೇ ಒಂದು ಬೊಗಸಿ. ಹೆಂಗಿರತೈತಿ ಅಂತ ನಾಲಿಗಿಗೆ ಹಚ್ಚಿ ನೋಡಿದೆ. ಹಲ್ಲು ಇನ್ನೂ ಜುಂ ಅನ್ನಾಕತ್ತಾವು."

ಗೊತ್ತಿತ್ತು. ಅವನಿಗೆ ಎಲ್ಲ ಗೊತ್ತಿತ್ತು. ಮಹಾನಂದಾಳ ಕಿವಿಯ ತನಕ ಬಿಸಿ ಏರಿತು.

"ಅರ್ಧ ಬಾಟ್ಲಿ," ಅಂದಳು, ತನಗೇ ಕೇಳದಷ್ಟು ಮೆಲ್ಲಗೆ. "ಅವ್ವಗ ಬೇಕಾಗಿತ್ರಿ. ಯಾಕ ಹೇಳಲಿಲ್ಲ ನೀವು ಕಾಕಾಗ?"

"ನಾ ತಪ್ಪಿಸಿಕೊಂಡ್ರ ಅವರು ನಿಮ್ಮ ಕಡೆ ತಿರಗತಿದ್ರು. ನನಗ ಹೆಸರಿಟ್ರ ಊರು ಒಂದು ತಿಂಗಳ ನಗತೈತಿ, ಮರೀತೈತಿ. ನಿಮಗಿಟ್ರ ಮರೆಯಂಗಿಲ್ಲ." ಅವನು ವೈರಿನ ತುದಿ ತಿರುವುತ್ತ ನಕ್ಕ. "ಮೊದಲ ಹುಡುಗ್ರು ಹುಳದ ಮಾಸ್ತರ ಅಂತಿದ್ರು. ಈಗ ಹುಳಿ ಮಾಸ್ತರ. ಬಾಳ ಏನೂ ಬದಲಾಗಿಲ್ಲ."

"ಸಿಟ್ಟರ ಮಾಡ್ರಿ ಸರ. ನೀವು ಹಿಂಗ ನಕ್ರ ನನಗ ತಡಕೊಳ್ಳಾಕ ಆಗೂದಿಲ್ಲ."

ಅವನ ಕೈ ನಿಂತಿತು. ವೈರನ್ನು ಮೇಜಿನ ಮೇಲಿಟ್ಟು ಹೇಳಿದ. "ಸಿಟ್ಟ ಬಂದಿತ್ರಿ. ಬೆರಳ ಮಾಡಿದ್ದಕ್ಕಲ್ಲ, ಅದು ಹೆದರಿಕಿ. ಮರುದಿವಸದಿಂದ ಡೈರಿಗೆ ಬ್ಯಾರೆ ದಾರಿ ಹಿಡದ್ರಲ್ಲ, ಅದಕ್ಕ."

ಆ ಮಾತು ಅವಳನ್ನು ಮನೆಯ ತನಕ ಹಿಂಬಾಲಿಸಿತು. ಅವಳು ಬಯ್ಗುಳಕ್ಕೆ ಸಿದ್ಧಳಾಗಿ ಹೋಗಿದ್ದಳು. ತಾನು ಹೋಗದ ದಾರಿಯನ್ನು ಯಾರೋ ದಿನಾ ಕಾಯುತ್ತಿದ್ದರು ಎಂಬುದಕ್ಕೆ ಸಿದ್ಧಳಾಗಿರಲಿಲ್ಲ.

ಶನಿವಾರ ಸೂರ್ಯ ಮುಳುಗುವ ಹೊತ್ತಿಗೆ ಶಾಲೆಯ ಅಂಗಳ ತುಂಬಿತು. ಎಂದೂ ಅಷ್ಟು ಜನ ಬಂದಿರಲಿಲ್ಲ. ಪತಂಗ ನೋಡಲು ಬಂದವರು ಕಡಿಮೆ, ಹುಳಿ ಮಾಸ್ತರನನ್ನು ನೋಡಲು ಬಂದವರೇ ಹೆಚ್ಚು. ಅನ್ನವ್ವನೂ ಹೆಂಗಸರ ನಡುವೆ ಕೌದಿ ಹಾಸಿಕೊಂಡು ಕುಳಿತಿದ್ದಳು. ಬಸಣ್ಣ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ್ದ.

ಸಿದ್ಧಾರೂಢ ಎರಡು ಕಂಬದ ನಡುವೆ ಬಟ್ಟೆ ಕಟ್ಟಿ ದೀಪ ಹಾಕಿದ. ಬಟ್ಟೆ ತಿಳಿನೀಲಿಯಾಗಿ ಹೊಳೆಯಿತು. ಅವನೇ ಒಂದು ಹೆಜ್ಜೆ ಹಿಂದೆ ಸರಿದು ಬೆರಗಿನಿಂದ ನೋಡಿದ. "ಸಾಬೂನು ಪುಡ್ಯಾಗ ತೊಳದ ಅರಿಬಿ ಈ ಬೆಳಕಿಗೆ ಹಿಂಗ ಹೊಳೀತೈತಿ," ಎಂದು ಎಲ್ಲರಿಗೂ ಹೇಳಿದ. ಆದರೆ ಕಣ್ಣು ಗುಂಪಿನ ಅಂಚಿನಲ್ಲಿ ನಿಂತಿದ್ದ ಒಬ್ಬಳನ್ನು ಹುಡುಕಿತು. "ತೊಳದವ್ರ ಕೈ ಗುಣ."

"ಹೌದನ್ರಿ ಮಾಸ್ತರ," ಬಸಣ್ಣ ದನಿ ಎತ್ತಿದ. "ಹಿಂಡಿದ್ರ ಎಷ್ಟ ಹುಳಿ ಬರಬಹುದು ಇದರಾಗ?"

ಅಂಗಳವೆಲ್ಲ ನಕ್ಕಿತು. ಸಿದ್ಧಾರೂಢನೂ ನಕ್ಕ. ಆದರೆ ಆ ನಗು ತುಟಿಯಿಂದ ಮೇಲೆ ಹೋಗಲಿಲ್ಲ. ದೀಪದ ಬೆಳಕಿನಲ್ಲಿ ಅದು ಮಹಾನಂದಾಳಿಗೆ ಸ್ಪಷ್ಟವಾಗಿ ಕಂಡಿತು.

ಅವಳು ನಡೆದು ಮುಂದೆ ಬಂದಳು. ಬೆಳಕು ಮುಖಕ್ಕೆ ಬಡಿಯಿತು. ಅವ್ವ ಅಲ್ಲೇ ಕುಳಿತಿದ್ದಾಳೆ ಎಂಬುದು ಬೆನ್ನಿಗೆ ಚುಚ್ಚುತ್ತಿತ್ತು. ಮನೆಯಿಂದಲೇ ತಂದಿದ್ದ ಚೀಲದಿಂದ ಬಾಟಲಿ ತೆಗೆದು ಬಸಣ್ಣನ ಮುಂದಿನ ಮೇಜಿನ ಮೇಲಿಟ್ಟಳು. ತಳದಲ್ಲಿ ಇನ್ನೂ ಹುಳಿ ಇತ್ತು.

"ಕಾಕಾ, ನಿಮ್ಮ ಹುಳಿ ಇಲ್ಲೈತ್ರಿ. ಅವತ್ತ ನಿಮ್ಮ ಹೊಲದಾಗ ಹಿಂಡಿದಾಕಿ ನಾನು. ದಿನಾ ಹಿಂಡಿದಾಕಿನೂ ನಾನ. ಸರದು ಹುಳಾ ತೋರ್ಸೂ ಅರಿಬಿ, ಗಾಳಿಗೆ ಹಾರಿ ಬಂದಿತ್ತು. ನಾ ಸಿಕ್ಕಬೀಳತೇನಿ ಅಂತ ಅವರ ಮ್ಯಾಲೆ ಹಾಕಿದೆ. ಅವರಿಗೆ ಗೊತ್ತಿತ್ತು. ನನ್ನ ಸಲುವಾಗಿ ಸುಮ್ಮನಿದ್ರು."

ಅನ್ನವ್ವ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಅದನ್ನು ನೋಡಿದ ಮಹಾನಂದಾಳಿಗೆ ಎರಿಭೂಮಿ ಬಿರಿದು ತನ್ನನ್ನು ಒಳಗೆ ತೆಗೆದುಕೊಂಡರೆ ಸಾಕು ಅನ್ನಿಸಿತು.

ಬಸಣ್ಣ ಬಾಟಲಿಯನ್ನೂ ಅವಳನ್ನೂ ನೋಡಿದ. "ಏನವಾ, ಬಾಯಿ ಬಿಟ್ಟು ಕೇಳಿದ್ರ ನಾ ಕೊಡತಿದ್ದಿಲ್ಲೇನು?"

"ಕೊಡತಿದ್ದಿಲ್ಲ ಬಿಡಪಾ," ಹಿಂದಿನ ಸಾಲಿನಿಂದ ಮುದುಕ ಫಕ್ರುಸಾಬ ಅಂದ. "ನನಗ ಕೊಟ್ಟಿಯೇನು ಹ್ವಾದ ವರ್ಷ?"

ಈ ಸಲದ ನಗು ಬೇರೆಯ ಕಡೆ ತಿರುಗಿತ್ತು. ಬಸಣ್ಣ ಮೀಸೆ ತಿರುವಿಕೊಂಡ, ಕುರ್ಚಿಯಲ್ಲಿ ಹೊರಳಿದ, ಏನೋ ಅನ್ನಲು ಹೋದ. ಅಷ್ಟರಲ್ಲಿ ಕಂದು ಬಣ್ಣದ ಪತಂಗವೊಂದು ಬಂದು ಬಟ್ಟೆಯ ಮೇಲೆ ಕುಳಿತಿತು.

"ಕಾಕಾ, ಹಿಂಗ ಬರ್ರಿ," ಸಿದ್ಧಾರೂಢ ಕರೆದ. "ನಿಮ್ಮ ಹೊಲದ ಖರೇ ಕಳ್ಳ ಬಂದಾನ. ಕಡ್ಲಿ ಕಾಯಿ ಕೊರಿಯೂ ಹುಳಾ ಐತಲ್ರಿ, ಅದರವ್ವನೋ ಅಪ್ಪನೋ ಇದು."

ಬಸಣ್ಣ ಎದ್ದು ಬಗ್ಗಿ ನೋಡಿದ. ಅವನ ಹಿಂದೆ ಇಡೀ ಊರು ಬಗ್ಗಿತು. ಇಷ್ಟು ಸಣ್ಣದೇ? ಕಾಯಿಯೊಳಗೆ ಹೇಗೆ ಹೋಗುತ್ತದೆ? ಆ ಹಸಿರು ರೆಕ್ಕೆಯದು ಯಾವುದು? ಪ್ರಶ್ನೆಯ ಮೇಲೆ ಪ್ರಶ್ನೆ ಬಂದವು, ಉತ್ತರ ಹೇಳುವವನನ್ನು ಎಲ್ಲರೂ ಮತ್ತೆ ಸರ ಅನ್ನತೊಡಗಿದರು. ಹೊರಡುವಾಗ ಬಸಣ್ಣ ಬಾಟಲಿಯನ್ನು ಒಯ್ದು ಅನ್ನವ್ವನ ಕೈಗಿಟ್ಟ. "ತಗೋ ಯಕ್ಕಾ. ಮುಗದ ಮ್ಯಾಲೆ ಮಗಳನ್ನ ಕಳಸು. ಹಗಲ ಹೊತ್ತಿನ್ಯಾಗ ಕಳಸು."

ಅನ್ನವ್ವ ಮಗಳ ಮುಂದೆ ಬಂದು ನಿಂತಳು. ಬಯ್ಯಲಿಲ್ಲ. "ನನ್ನ ಹೊಟ್ಟಿ ಸಲುವಾಗಿ ಇಷ್ಟೆಲ್ಲಾ ತಲಿ ಮ್ಯಾಲೆ ಹೊತ್ತಿಯೇನಬೇ," ಎಂದು ಅವಳ ಗಲ್ಲ ಒರೆಸಿ, ಕೌದಿ ಮಡಚಿಕೊಂಡು ಗೇಟಿನ ಹತ್ತಿರ ಹೋಗಿ ಕುಳಿತಳು.

ಜನ ಕರಗಿದರು. ಮಹಾನಂದಾ ಕಂಬದಿಂದ ದಾರ ಬಿಚ್ಚಲು ಕೈ ಹಚ್ಚಿದಳು.

"ತಡೀರಿ," ಸಿದ್ಧಾರೂಢ ಅಂದ. "ನಂದೊಂದು ತಪ್ಪೈತಿ. ನೀವು ಎಲ್ಲಾರ ಮುಂದ ಹೇಳಿದ್ರಿ. ನನಗ ಅಷ್ಟ ಧೈರ್ಯ ಇಲ್ಲ, ನಿಮ್ಮೊಬ್ಬರ ಮುಂದ ಹೇಳತೇನಿ."

"ಏನ್ರಿ?"

"ಈ ಸಾಲಿಗೆ ನಾಕೂ ಕಡೆ ಬೇಲಿ ಐತಿ. ಅರಿಬಿ ಆ ಮೂಲ್ಯಾಗ ಯಾಕ ಕಟ್ಟಿದ್ದೆ? ಬೆಳಕ ಹರಿಯೂದರಾಗ ಅದನ್ನ ತರಾಕ ಯಾಕ ಬಂದೆ?" ಅವನ ದನಿ ತಗ್ಗಿತು. "ಅಲ್ಲಿಂದ ನೀವು ಹೋಗೂ ಡೈರಿ ದಾರಿ ಕಾಣತೈತ್ರಿ. ಕಾಕಾ ನನ್ನ ಕಳ್ಳ ಅಂದಾಗ ಅದು ಅಗದಿ ಸುಳ್ಳು ಅಂತ ನನಗೂ ಅನ್ನಾಕ ಆಗಲಿಲ್ಲ."

ಮಹಾನಂದಾಳಿಗೆ ಮತ್ತೆ ನಾಚಿಕೆಯಾಯಿತು. ಆದರೆ ಇದು ಆ ನಾಚಿಕೆ ಅಲ್ಲ. ಇದಕ್ಕೆ ತಲೆ ತಗ್ಗಿದರೂ ಎದೆ ಹಗುರಾಗುತ್ತಿತ್ತು. ದಾರ ಹಿಡಿದ ಅವಳ ಕೈಯ ಮೇಲೆ, ಬಲಗೈಯ ತೋರುಬೆರಳ ಮೇಲೆ, ಬೂದಿ ಬಣ್ಣದ ಪುಟ್ಟ ಪತಂಗವೊಂದು ಬಂದು ರೆಕ್ಕೆ ಮಡಚಿತು. ಅವಳು ಉಸಿರು ಬಿಗಿಹಿಡಿದು ಆ ಬೆರಳನ್ನು ನೋಡಿದಳು. ಎಷ್ಟೋ ದಿನದ ಮೇಲೆ ಅದು ತನ್ನದೇ ಬೆರಳು ಅನ್ನಿಸಿತು.

"ಮುಂದಿನ ಆಯ್ತವಾರ ಅಣ್ಣಿಗೇರಿಯಿಂದ ನಮ್ಮವ್ವನ್ನ ಕರಕೊಂಡ ಬರಲೇನ್ರಿ, ನಿಮ್ಮ ಮನಿಗೆ?" ಸಿದ್ಧಾರೂಢ ಮೆಲ್ಲಗೆ ಕೇಳಿದ.

ಗೇಟಿನ ಹತ್ತಿರ ಅನ್ನವ್ವ ಬೇಕೆಂದೇ ಬೇರೆ ಕಡೆ ಮುಖ ಮಾಡಿ ಕುಳಿತಿದ್ದಳು. ಮಹಾನಂದಾ ಬೆರಳು ಅಲುಗಿಸದೆ, ಕಣ್ಣಷ್ಟೇ ಮೇಲೆತ್ತಿದಳು.

"ಬರ್ರಿ," ಅಂದಳು. "ಬಂದು ಕೇಳ್ರಿ. ಕೇಳಿ ತಗೊಂಡ ಹೋಗ್ರಿ."